ಕನ್ನಡದ ಕೈಪಿಡಿ ಎಲ್ಲಿ ಸೇರಬೇಕು?

ಮಿಕ್ಸಿಯೊಂದರ ಕೈಪಿಡಿಯನ್ನು ಕನ್ನಡಕ್ಕೆ ಅನುವಾದಿಸಿ ಕೊಟ್ಟೆ. ದುಡ್ಡು ಬಂತು, ಕೈಪಿಡಿ ಅಚ್ಚಾಗಲಿಲ್ಲ. "ಕರ್ನಾಟಕಕ್ಕೆ ಎಷ್ಟು ಪೆಟ್ಟಿಗೆ ಬೇಕೆಂದು ಮೂರು ತಿಂಗಳು ಮೊದಲೇ ಹೇಳುವುದು ಹೇಗೆ, ಮೇಡಂ?" ಎಂದರು ಕಂಪನಿಯವರು.

ಕಷ್ಟ ನಿಜವೇ. ನಾನಿರುವ ನಾಗಪುರದ ಗೋದಾಮುಗಳಿಂದ ಹೆದ್ದಾರಿ 44 ಹಿಡಿದ ಲಾರಿಗೆ ಹೈದರಾಬಾದೂ ದಾರಿ, ಬೆಂಗಳೂರೂ ದಾರಿ. ದೇಶಕ್ಕೆಲ್ಲ ಒಟ್ಟು ಎಷ್ಟು ಮಿಕ್ಸಿ ಬೇಕೆಂಬ ಅಂದಾಜು ಅಷ್ಟಾಗಿ ತಪ್ಪುವುದಿಲ್ಲ; ಒಂದೂರಿನಲ್ಲಿ ಉಳಿದದ್ದು ಇನ್ನೊಂದೂರಿನ ಕೊರತೆ ತುಂಬುತ್ತದೆ. ಭಾಷೆಗೊಂದು ಪೆಟ್ಟಿಗೆ ಮಾಡಿದಿರೋ, ಕನ್ನಡದವು ಧೂಳು ತಿನ್ನುವಾಗ ತೆಲುಗಿನವು ಮುಗಿದಿರುತ್ತವೆ.

ಆದರೆ ಹ್ಯೂಲೆಟ್-ಪ್ಯಾಕರ್ಡ್‌ನವರು ಡೆಸ್ಕ್‌ಜೆಟ್ ಪ್ರಿಂಟರಿನಲ್ಲಿ ಈ ಗಂಟನ್ನು 1990ರ ದಶಕದಲ್ಲೇ ಬಿಡಿಸಿದ್ದರು. ಯುರೋಪಿನ ದೇಶಗಳಿಗೆ ಪ್ಲಗ್ಗು ಬೇರೆ, ಕೈಪಿಡಿಯ ಭಾಷೆ ಬೇರೆ. ಅಮೆರಿಕದಲ್ಲೇ ದೇಶವಾರು ತಯಾರಿಸಿ ಹಡಗಿಗೆ ಹಾಕಿದರೆ ಒಂದು ದೇಶದ್ದು ರಾಶಿ ಬೀಳುತ್ತಿತ್ತು, ಇನ್ನೊಂದರದ್ದು ಸಿಗುತ್ತಿರಲಿಲ್ಲ. ಹಾಗಾಗಿ ವಿದ್ಯುತ್ ಭಾಗವನ್ನು ಕೊನೆಯಲ್ಲಿ ಜೋಡಿಸುವಂತೆ ಪ್ರಿಂಟರಿನ ವಿನ್ಯಾಸವನ್ನೇ ಬದಲಿಸಿದರು. ಎಲ್ಲರಿಗೂ ಒಂದೇ ಪ್ರಿಂಟರು ಹಡಗೇರಿತು. ಪ್ಲಗ್ಗು, ಕೈಪಿಡಿ ಸೇರಿದ್ದು ಯುರೋಪಿನ ಗೋದಾಮಿನಲ್ಲಿ.

ನಮ್ಮಲ್ಲಿ 2011ರ ಪೊಟ್ಟಣ ನಿಯಮದ ಪ್ರಕಾರ ಪೆಟ್ಟಿಗೆಯ ಮೇಲಿನ ಕಡ್ಡಾಯ ವಿವರಗಳಿಗೆ ಹಿಂದಿ ಇಲ್ಲವೇ ಇಂಗ್ಲಿಷ್ ಸಾಕು. ಅಲ್ಲಿಗೇ ಯೋಚನೆ ನಿಲ್ಲುತ್ತದೆ. ಕ್ಯೂಆರ್ ಕೋಡ್ ಇದೆಯಲ್ಲ ಎನ್ನುವವರು, ಹಿಟ್ಟಿನ ಕೈಯಲ್ಲಿರುವ ನಮ್ಮತ್ತೆಗೆ ಫೋನು ಕೊಟ್ಟು ನೋಡಲಿ.

ಪೆಟ್ಟಿಗೆಯ ಹೊರಮೈಗೆ ಒಂದು ತೆಳು ಪ್ಲಾಸ್ಟಿಕ್ ಚೀಲ ಅಂಟಿಸಿ. ಲಾರಿ ಎತ್ತ ಹೊರಟಿತೆಂದು ಗೊತ್ತಾದ ಮೇಲೆ ಆ ಊರಿನ ಭಾಷೆಯ ಕೈಪಿಡಿ ಸೇರಿಸಿ. ನನ್ನ ಅನುವಾದದ ನಾಲ್ಕನೆಯ ಸಾಲು, "ಒದ್ದೆ ಕೈಯಲ್ಲಿ ಪ್ಲಗ್ ಮುಟ್ಟಬೇಡಿ", ಈಗಲೂ ನನ್ನ ಲ್ಯಾಪ್‌ಟಾಪಿನಲ್ಲೇ ಇದೆ.