ಗೋಡೆಯಿಂದ ಮೂರೂವರೆ ಅಡಿ

ಕಳೆದ ಮಳೆಗಾಲದಲ್ಲಿ ಚೇರಂಬಾಡಿಯಿಂದ ಮಾಮ ಫೋನ್ ಮಾಡಿ, "ಆ ಸ್ಪೀಕರನ್ನು ಗುಜರಿಯವನಿಗೆ ಕೊಡ್ತೇನೆ ಮೋನೇ, ಸಾಕಾಯ್ತು" ಎಂದರು. ನನ್ನ ಎದೆ ಧಸಕ್ಕೆಂದಿತು. ಅದು ಅಂಗಡಿಯಲ್ಲಿ ಸಿಗುವ ಸಾಮಾನ್ಯ ಪೆಟ್ಟಿಗೆಯಲ್ಲ. ಎಸ್ಟೇಟಿನ ಒಬ್ಬರು ಮ್ಯಾನೇಜರರು ನಿವೃತ್ತರಾಗಿ ಊರು ಬಿಡುವಾಗ ಮಾಮ ಕೊಂಡ ಇಂಗ್ಲೆಂಡಿನ ಹಳೆಯ ಇಲೆಕ್ಟ್ರೋಸ್ಟ್ಯಾಟಿಕ್ ಜೋಡಿ. ಅದಕ್ಕಿಂತ ಮುಖ್ಯವಾಗಿ, ನನ್ನ ಉಮ್ಮ ಹಾಡಿದ ಒಂದೇ ಒಂದು ಕ್ಯಾಸೆಟ್ ಇರುವುದು ಆ ಮನೆಯಲ್ಲಿ. ಮಾಮನ ಮದುವೆಯ ಮೈಲಾಂಜಿ ರಾತ್ರಿ, ಗಲ್ಫಿನಿಂದ ಬಂದ ಟೂ-ಇನ್-ಒನ್‌ನಲ್ಲಿ ಯಾರೋ ಒತ್ತಿದ ರೆಕಾರ್ಡ್ ಬಟನ್. ಉಮ್ಮ ಈಗಿಲ್ಲ.

ದೂರು ಏನೆಂದರೆ ಸ್ವರ ತೆಳ್ಳಗೆ, ಬೇಸ್ ಇಲ್ಲವೇ ಇಲ್ಲ, ನಡುವೆ ಟಪ್ ಟಪ್ ಸದ್ದು. ಪೇಟೆಯ ಅಂಗಡಿಯವರೊಬ್ಬರು ಆಂಪ್ಲಿಫೈಯರ್ ಬದಲಿಸಿ ಎಂದು ಒಂದೂವರೆ ಲಕ್ಷದ ಲೆಕ್ಕ ಕೊಟ್ಟಿದ್ದರಂತೆ. ಮಕ್ಕಳದು ಇನ್ನೊಂದು ಹಟ: ಇದನ್ನು ಹೊರಹಾಕಿ, ಟಿ.ವಿ. ಕೆಳಗೆ ಸೌಂಡ್‌ಬಾರ್ ಇಡುವಾ. ನಾನು ಬರುವವರೆಗೆ ಏನೂ ಮಾಡಬೇಡಿ ಎಂದೆ.

ಮೈಸೂರು, ಗುಂಡ್ಲುಪೇಟೆ, ಬಂಡೀಪುರ ದಾಟಿ ಗೂಡಲೂರು; ಅಲ್ಲಿಂದ ನಾಡುಗಾಣಿ, ದೇವಾಲ, ಪಂದಲೂರು ಕಳೆದರೆ ಚೇರಂಬಾಡಿ. ಚಹಾ ತೋಟ, ಕೇರಳದ ಗಡಿ, ಮತ್ತು ಮಳೆ. ಕಿಟಕಿ ತೆರೆದರೆ ಮಂಜು ನೇರ ಒಳಗೆ ಬಂದು ಕುಳಿತುಕೊಳ್ಳುತ್ತದೆ. ಚಪ್ಪಲಿಗೆ ಬೂಸಲು, ಉಪ್ಪಿನ ಡಬ್ಬದಲ್ಲಿ ನೀರು. ಮನೆಯೊಳಗೆ ಕಾಲಿಟ್ಟ ಕೂಡಲೇ ಅರ್ಧ ಕಾರಣ ಗೊತ್ತಾಯಿತು. ಉಳಿದರ್ಧ ಚಾವಡಿ ನೋಡಿದಾಗ: ಎರಡೂ ಸ್ಪೀಕರುಗಳು ಗೋಡೆಗೆ ಒಂದಡಿಯೂ ಇಲ್ಲದಂತೆ ಒರಗಿ ನಿಂತಿದ್ದವು, ನಡುವೆ ಷೋಕೇಸ್.

ಇಂಥ ಸ್ಪೀಕರಿನಲ್ಲಿ ಕೋನ್ ಇಲ್ಲ, ಪೆಟ್ಟಿಗೆಯೂ ಇಲ್ಲ. ತೂತುಗಳಿರುವ ಎರಡು ತಟ್ಟೆಗಳ ನಡುವೆ ಕೂದಲಿಗಿಂತ ತೆಳ್ಳಗಿನ ಪ್ಲಾಸ್ಟಿಕ್ ಪೊರೆಯನ್ನು ಬಿಗಿದು, ಅದಕ್ಕೆ ಸಾವಿರಾರು ವೋಲ್ಟಿನ ಚಾರ್ಜ್ ಕೊಟ್ಟಿರುತ್ತಾರೆ. ಹಾಡಿನ ಸಿಗ್ನಲ್ ತಟ್ಟೆಗಳಿಗೆ ಹೋದಾಗ ಪೊರೆ ಆಚೆ ಈಚೆ ಎಳೆಯಲ್ಪಡುತ್ತದೆ. ಇಂಗ್ಲೆಂಡಿನ ಪೀಟರ್ ವಾಕರ್ 1957ರಲ್ಲಿ ಮಾರುಕಟ್ಟೆಗೆ ತಂದ ಕ್ವಾಡ್ ಸ್ಪೀಕರ್ ಈ ಜಾತಿಯ ಹೆಸರಾಂತ ಮಾದರಿ. ಅದರ ಬೇಸ್ ಪೊರೆಗೆ 6,000 ವೋಲ್ಟ್. ಪ್ಲೇನಾರ್ ಎನ್ನುವುದು ಇದರ ದಾಯಾದಿ. ಅದರಲ್ಲಿ ಪೊರೆಗೆ ಲೋಹದ ತಂತಿ ಅಂಟಿಸಿ ಎದುರು ಅಯಸ್ಕಾಂತ ಇಡುತ್ತಾರೆ, ಹೈ ವೋಲ್ಟೇಜ್ ಬೇಡ. ಅಮೆರಿಕದ ಮ್ಯಾಗ್ನೆಪ್ಯಾನ್ ಕಂಪನಿ 1969ರಿಂದ ಮಾಡುತ್ತಿರುವುದು ಅದನ್ನೇ. ಎರಡರಲ್ಲೂ ಪೊರೆ ಬಹಳ ಹಗುರ. ಹಾಗಾಗಿ ಹಾಡುವವರು ಉಸಿರು ಎಳೆದುಕೊಳ್ಳುವುದು, ಕೈ ತಟ್ಟುವ ಮೊದಲ ಕ್ಷಣ, ಎಲ್ಲವೂ ಮಸುಕಾಗದೆ ಕೇಳುತ್ತದೆ. ಮನುಷ್ಯರ ಸ್ವರಕ್ಕೆ ಇದಕ್ಕಿಂತ ಒಳ್ಳೆಯದನ್ನು ನಾನು ಕೇಳಿಲ್ಲ.

ಆದರೆ ಇವು ಮುಂದಕ್ಕೆ ಎಷ್ಟು ಹಾಡುತ್ತವೆಯೋ ಹಿಂದಕ್ಕೂ ಅಷ್ಟೇ ಹಾಡುತ್ತವೆ, ಅದೂ ಉಲ್ಟಾ. ಪೊರೆ ಮುಂದಿನ ಗಾಳಿಯನ್ನು ತಳ್ಳುವಾಗ ಹಿಂದಿನದನ್ನು ಎಳೆಯುತ್ತಿರುತ್ತದೆ. ಹಿಂದಿನ ಸ್ವರ ಗೋಡೆಗೆ ಬಡಿದು ಬಂದು ಮುಂದಿನದರ ಜೊತೆ ಸೇರಿ ಕೆಲವು ಸ್ವರಗಳನ್ನು ನುಂಗಿಬಿಡುತ್ತದೆ. ಗೋಡೆ 30 ಸೆಂ.ಮೀ. ದೂರವಿದ್ದರೆ ಲೆಕ್ಕದ ಪ್ರಕಾರ ಮೊದಲ ಹೊಂಡ ಬೀಳುವುದು 570 ಹರ್ಟ್ಸ್‌ನ ಹತ್ತಿರ, ಹೆಣ್ಣು ಧ್ವನಿಯ ನಟ್ಟನಡುವೆ. ಬೇಸ್ ಕೂಡ ಅಲ್ಲೇ ಸೋರಿಹೋಗುತ್ತದೆ. ಪೆಟ್ಟಿಗೆ ಸ್ಪೀಕರನ್ನು ಗೋಡೆಗೆ ಒತ್ತಿದಷ್ಟೂ ಬೇಸ್ ಹೆಚ್ಚುತ್ತದೆ, ಇದರಲ್ಲಿ ಒತ್ತಿದಷ್ಟೂ ಕಡಿಮೆ. ಜನ ಮೋಸಹೋಗುವುದು ಇಲ್ಲೇ. ಬೇಸ್ ಸಾಲದು ಎಂದು ಇನ್ನೂ ಹಿಂದಕ್ಕೆ ತಳ್ಳುತ್ತಾರೆ, ಆಮೇಲೆ ಆಂಪ್ಲಿಫೈಯರಿಗೆ ಬೈಯುತ್ತಾರೆ.

ಷೋಕೇಸ್ ಸರಿಸಿ, ಸ್ಪೀಕರುಗಳನ್ನು ಗೋಡೆಯಿಂದ ಮೂರೂವರೆ ಅಡಿ ಮುಂದೆ ತಂದೆವು. ಆಗ ಆ ಹೊಂಡ 160 ಹರ್ಟ್ಸ್‌ನ ಆಸುಪಾಸಿಗೆ ಇಳಿಯುತ್ತದೆ, ಮರುದನಿ 6 ಮಿಲಿಸೆಕೆಂಡಿನಷ್ಟು ತಡವಾಗಿ ಬರುತ್ತದೆ, ಕಿವಿಗೆ ಅಷ್ಟು ಗೊಂದಲವಾಗುವುದಿಲ್ಲ. ಹಿಂದಿನ ಗೋಡೆಗೆ ಪುಸ್ತಕದ ಕಪಾಟು ಬಂತು, ಬರಿಗೋಡೆಗಿಂತ ಅದು ಸ್ವರವನ್ನು ಚೆದುರಿಸುತ್ತದೆ. ಪಕ್ಕದ ಗೋಡೆಯ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ, ಬದಿಗೆ ಇವು ಹಾಡುವುದೇ ಕಡಿಮೆ.

ಟಪ್ ಟಪ್ ಸದ್ದಿಗೆ ಮದ್ದು ಬೇರೆ. ತೇವ ಮತ್ತು ಧೂಳು ಸೇರಿದರೆ ಸಾವಿರಾರು ವೋಲ್ಟು ದಾರಿ ಹುಡುಕಿಕೊಂಡು ಸೋರುತ್ತದೆ, ಅದೇ ಆ ಸದ್ದು. ಮಳೆಗಾಲದಲ್ಲಿ "ಗಾಳಿಯಾಡಲಿ" ಎಂದು ಕಿಟಕಿ ತೆರೆದಿಡುವ ನಮ್ಮ ಅಭ್ಯಾಸ ಚೇರಂಬಾಡಿಯಲ್ಲಿ ಉಲ್ಟಾ ಹೊಡೆಯುತ್ತದೆ, ಒಳಗಿಗಿಂತ ಹೊರಗೇ ತೇವ ಜಾಸ್ತಿ. ಬಾಗಿಲು ಮುಚ್ಚಿ, ಗಾಳಿಯ ತೇವ ಹೀರುವ ಡಿಹ್ಯೂಮಿಡಿಫೈಯರ್ ಇಟ್ಟೆವು. ಎರಡು ದಿನ ಸ್ಪೀಕರಿನ ಪ್ಲಗ್ ಹಾಕಲೇ ಇಲ್ಲ. ಮೂರನೇ ದಿನ ಸದ್ದು ನಿಂತಿತ್ತು. ಇನ್ನೊಂದು ವಿಷಯ, ಶುಕ್ರವಾರ ಚಾವಡಿಯಲ್ಲಿ ಊದು ಹೊಗೆ ಹಾಕುವುದು. ಚಾರ್ಜ್ ಇರುವ ಪೊರೆ ಧೂಳನ್ನು ಎಳೆದ ಹಾಗೆ ಹೊಗೆಯ ಕಣಗಳನ್ನೂ ಎಳೆಯುತ್ತದೆ. ಊದು ಹಾಕಬೇಡಿ ಎನ್ನಲು ನಾನ್ಯಾರು? ಒಳಕೋಣೆಯಲ್ಲಿ ಹಾಕಿ ಎಂದೆ. ಮಾಮಿ ನನ್ನನ್ನು ಒಮ್ಮೆ ನೋಡಿದರು, ಮಾತಾಡಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸುವುದು, ಸ್ಕ್ರೂ ಬಿಚ್ಚಿ ಒಳಗೆ ನೋಡುವುದು ಮಾತ್ರ ಯಾವ ಕಾರಣಕ್ಕೂ ಬೇಡ. ಪ್ಲಗ್ ತೆಗೆದ ಮೇಲೂ ಒಳಗೆ ಚಾರ್ಜ್ ಸ್ವಲ್ಪ ಹೊತ್ತು ಉಳಿದಿರುತ್ತದೆ. ಗುಡುಗು ಬಂದರೆ ಪ್ಲಗ್ ತೆಗೆಯುವುದು ಹೇಗೂ ರೂಢಿಯಲ್ಲಿದೆ.

ಅಂಗಡಿಯವರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಇಲೆಕ್ಟ್ರೋಸ್ಟ್ಯಾಟಿಕ್‌ನಲ್ಲಿ ಸ್ವರ ಮೇಲೇರಿದಂತೆ ಓಂ ಇಳಿಯುತ್ತಾ ಹೋಗುತ್ತದೆ. ಪ್ಲೇನಾರ್‌ಗಳು ಸಾಮಾನ್ಯವಾಗಿ 4 ಓಂನವು, ಕರೆಂಟ್ ಜಾಸ್ತಿ ಕೇಳುತ್ತವೆ. ಗಲ್ಫಿನಿಂದ ತಂದ ಹೋಮ್ ಥಿಯೇಟರ್ ರಿಸೀವರ್ ಇಂಥದ್ದರ ಮುಂದೆ ಬಿಸಿಯಾಗಿ ಆಫ್ ಆಗುವುದುಂಟು. ಹಾಗೆ ಆದರೆ ಬದಲಿಸಿ. ಮಾಮನ ಹಳೆಯ ಆಂಪ್ಲಿಫೈಯರ್ ಬೆಚ್ಚಗೂ ಆಗುತ್ತಿರಲಿಲ್ಲ. ಒಂದೂವರೆ ಲಕ್ಷ ಕೊಟ್ಟಿದ್ದರೆ ಗೋಡೆಯ ಹೊಂಡವನ್ನು ಇನ್ನಷ್ಟು ಗಟ್ಟಿಯಾಗಿ ಕೇಳಬಹುದಿತ್ತು, ಅಷ್ಟೇ.

ನಿಜವಾದ ಜಗಳ ಇರುವುದು ಸಾಮಾನಿನ ಬಗ್ಗೆ ಅಲ್ಲ, ಜಾಗದ ಬಗ್ಗೆ. ನಮ್ಮ ಮನೆಗಳ ಚಾವಡಿ ನೋಡಿ. ಮದುವೆ, ಮೌಲಿದ್ ಎಂದರೆ ನಲವತ್ತು ಜನ ಕೂರಬೇಕು, ಹಾಗಾಗಿ ಸೋಫಾ, ಕಪಾಟು, ಟಿ.ವಿ. ಎಲ್ಲವೂ ಗೋಡೆಗೆ ಅಂಟಿ ನಡುವೆ ಖಾಲಿ. ಅದು ತಪ್ಪಲ್ಲ. ಆದರೆ ನಡುವಿನ ಮೂರೂವರೆ ಅಡಿ ಬಿಟ್ಟುಕೊಡಲು ಮನಸ್ಸಿಲ್ಲದವರು ಈ ಸ್ಪೀಕರ್ ತರಬೇಡಿ. ಮಂಗಳೂರಿನ ಫ್ಲ್ಯಾಟಿನ ಹತ್ತು ಹನ್ನೆರಡು ಅಡಿ ಹಾಲಿಗೆ ಒಳ್ಳೆಯ ಪುಟ್ಟ ಪೆಟ್ಟಿಗೆಯೇ ಮೇಲು. ದುಡ್ಡಿದೆ ಎಂದು ತಂದು ಷೋಕೇಸಿನ ಪಕ್ಕ ನಿಲ್ಲಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಮಾಮ ಕ್ಷಮಿಸಲಿ.

ಇನ್ನೊಂದು ಕಷ್ಟ, ಇವುಗಳ ಮೇಲಿನ ಸ್ವರ ಟಾರ್ಚಿನ ಬೆಳಕಿನಂತೆ ನೇರ ಹೋಗುತ್ತದೆ. ಎಲ್ಲವೂ ಸರಿಯಾಗಿ ಕೇಳುವುದು ಒಂದೇ ಕುರ್ಚಿಗೆ. ಆ ಕುರ್ಚಿ ಹುಡುಕಲು ಮೋನೋ ರೆಕಾರ್ಡಿಂಗಿಗಿಂತ ಒಳ್ಳೆಯ ಅಳತೆಗೋಲಿಲ್ಲ. ಎರಡೂ ಸ್ಪೀಕರಿಗೆ ಒಂದೇ ದೂರದಲ್ಲಿ ಕುಳಿತರೆ ಹಾಡುವವರು ನಡುವಿನ ಖಾಲಿ ಜಾಗದಲ್ಲಿ ನಿಂತಂತೆ ಕೇಳಬೇಕು. ಆಚೆ ಈಚೆ ಜಾರಿದರೆ ಟೇಪು ಹಿಡಿದು ಅಳೆಯಿರಿ, ಒಂದು ಸ್ಪೀಕರ್ ಹತ್ತಿರ ಬಂದಿರುತ್ತದೆ. ನಾವು ಉಮ್ಮನ ಕ್ಯಾಸೆಟ್ ಹಾಕಿಯೇ ಅಳೆದೆವು. ಅರ್ಧ ಇಂಚು ಸರಿಸಿದಾಗ ಉಮ್ಮ ನಡುವೆ ಬಂದು ನಿಂತರು.

ಆ ಕುರ್ಚಿಯಲ್ಲಿ ವರ್ಷಗಟ್ಟಲೆ ಮಾಮನೇ ಕುಳಿತದ್ದು. ಮಾಮಿ ಹಾಡು ಕೇಳುತ್ತಿದ್ದುದು ಅಡುಗೆ ಕೋಣೆಯಿಂದ, ಸ್ಪೀಕರಿನ ಬದಿಗೆ, ಅಂದರೆ ಸ್ವರ ಎಲ್ಲಕ್ಕಿಂತ ಕಡಿಮೆ ಬರುವ ದಿಕ್ಕಿನಿಂದ. ಆ ರಾತ್ರಿ ಮದುಮಗಳಾಗಿದ್ದವರು ಅವರೇ ಎಂಬುದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. "ನೀವು ಕೂತುಕೊಳ್ಳಿ ಮಾಮಿ" ಎಂದೆ. ಕೈ ಒರೆಸಿಕೊಂಡು ಬಂದು ಕುಳಿತರು. ಎರಡನೆಯ ಹಾಡಿನಲ್ಲಿ ಉಮ್ಮ ಪಲ್ಲವಿ ಎತ್ತಿದಾಗ ಹಿಂದೆ ಜೊತೆಗೂಡುವ ಹೆಂಗಸರ ಸ್ವರಗಳು ಒಂದೊಂದಾಗಿ ಬಿಡಿಸಿಕೊಂಡವು. ಮಾಮಿ ಬೆರಳು ಎತ್ತಿ, ಇದು ನನ್ನ ಅಕ್ಕ, ಇದು ನೆರೆಮನೆಯವರು, ಇದು ಬೀಡಿ ಕಟ್ಟಲು ಬರುತ್ತಿದ್ದವಳು ಎಂದು ಹೇಳುತ್ತಾ ಹೋದರು. ಮಾಮ ಹೋಗಿ ಪೆನ್ನು ತಂದರು, ಕ್ಯಾಸೆಟಿನ ಹೊದಿಕೆಯ ಮೇಲೆ ಬರೆದುಕೊಳ್ಳಲು.