ಸ್ಟಾರ್ಟ್ ಮೆನು ಬದಲಿಸಲು ರಾಜಮಾರ್ಗವೇ ಇರಲಿ

2023ರ ಫೆಬ್ರವರಿ 28ರಂದು ಮೈಕ್ರೋಸಾಫ್ಟ್ ವಿಂಡೋಸ್ 11ಕ್ಕೆ ಕೆಬಿ5022913 ಎಂಬ ಅಪ್‌ಡೇಟ್ ಬಿಟ್ಟಿತು. ಅದನ್ನು ಹಾಕಿಕೊಂಡ ಕೆಲವರ ಕಂಪ್ಯೂಟರ್ ಸರಿಯಾಗಿ ಶುರುವಾಗಲೇ ಇಲ್ಲ. ಪರದೆಯ ಮೇಲೆ ಡೆಸ್ಕ್‌ಟಾಪ್, ಟಾಸ್ಕ್‌ಬಾರ್ ತೋರಿಸುವ ಎಕ್ಸ್‌ಪ್ಲೋರರ್ ಎಂಬ ಪ್ರೋಗ್ರಾಂ ಕುಸಿಯುವುದು, ತಾನಾಗಿ ಎದ್ದು ನಿಲ್ಲುವುದು, ಮತ್ತೆ ಕುಸಿಯುವುದು. ಅದರ ಜೊತೆಗೆ ಟಾಸ್ಕ್‌ಬಾರ್ ಕೂಡ ಕಾಣಿಸಿಕೊಂಡು ಮಾಯವಾಗುವುದು. ಆ ಕಂಪ್ಯೂಟರ್‌ಗಳಲ್ಲಿ ಎಕ್ಸ್‌ಪ್ಲೋರರ್‌ಪ್ಯಾಚರ್, ಸ್ಟಾರ್ಟ್‌ಆಲ್‌ಬ್ಯಾಕ್‌ನಂಥ, ಸ್ಟಾರ್ಟ್ ಮೆನುವಿನ ರೂಪ ಬದಲಿಸುವ ಸಾಫ್ಟ್‌ವೇರ್ ಇತ್ತು. ತೊಂದರೆ ಇರುವುದನ್ನು ಮೈಕ್ರೋಸಾಫ್ಟ್ ಒಪ್ಪಿಕೊಂಡಿತು. ಅಪ್‌ಡೇಟ್‌ಗೆ ಮೊದಲು ಇಂಥ ಸಾಫ್ಟ್‌ವೇರ್ ತೆಗೆದುಹಾಕಿ ಎಂದು ಹೇಳಿ ಸುಮ್ಮನಾಯಿತು. 2024ರಲ್ಲಿ 24ಎಚ್2 ಆವೃತ್ತಿ ಬರುವ ಹೊತ್ತಿಗೆ ಇವುಗಳಿದ್ದ ಯಂತ್ರಗಳಿಗೆ ಅಪ್‌ಗ್ರೇಡ್ ಆಗದಂತೆ ತಡೆಯೇ ಬಿತ್ತು.

ಹೀಗೆ ಮೆನು ಬದಲಿಸಿಕೊಳ್ಳುವವರನ್ನು ತಂಟೆಕೋರರಂತೆ ನೋಡುವುದು ಸರಿಯಲ್ಲ. ಅವರ ಹಟಕ್ಕೆ ಒಂದು ಇತಿಹಾಸವಿದೆ.

1995ರ ಆಗಸ್ಟ್‌ನಲ್ಲಿ ವಿಂಡೋಸ್ 95 ಜೊತೆ ಬಂದ ಸ್ಟಾರ್ಟ್ ಬಟನ್‌ಗೆ ಜನರ ಕೈ ಹದಿನೇಳು ವರ್ಷ ಒಗ್ಗಿಹೋಗಿತ್ತು. 2012ರ ಅಕ್ಟೋಬರ್ 26ರಂದು ಬಂದ ವಿಂಡೋಸ್ 8 ಆ ಬಟನ್ನನ್ನೂ ಮೆನುವನ್ನೂ ಕಿತ್ತುಹಾಕಿ, ಪರದೆ ತುಂಬ ಬಣ್ಣದ ಚೌಕಗಳನ್ನು ಹರಡಿತು. ಟಚ್ ಪರದೆಗೆ ಅದು ಹೊಂದುತ್ತಿತ್ತು. ಮೌಸ್ ಹಿಡಿದು ದಿನವಿಡೀ ಟೈಪ್ ಮಾಡುವವರಿಗೆ ಕಂಪ್ಯೂಟರ್ ಬಂದ್ ಮಾಡುವ ಜಾಗವೇ ಸಿಗಲಿಲ್ಲ. ಆಗ ನೆರವಿಗೆ ಬಂದದ್ದು ಐವೊ ಬೆಲ್ಚೆವ್ ಎಂಬ ಪ್ರೋಗ್ರಾಮರ್ 2009ರಿಂದಲೇ ಉಚಿತವಾಗಿ ಕೊಡುತ್ತಿದ್ದ, ಹಳೆಯ ಬಗೆಯ ಮೆನು ತರುವ ಕ್ಲಾಸಿಕ್ ಶೆಲ್. ಸ್ಟಾರ್‌ಡಾಕ್ ಕಂಪನಿ ಸ್ಟಾರ್ಟ್8 ಹೆಸರಿನಲ್ಲಿ ಇದೇ ಸೌಕರ್ಯವನ್ನು ಸುಮಾರು 5 ಡಾಲರ್‌ಗೆ ಮಾರಿತು. 2013ರಲ್ಲಿ ವಿಂಡೋಸ್ 8.1 ಬಟನ್ ವಾಪಸ್ ಕೊಟ್ಟಿತು, 2015ರ ಜುಲೈನಲ್ಲಿ ವಿಂಡೋಸ್ 10 ಮೆನುವನ್ನೂ ಕೊಟ್ಟಿತು. ಅಂದರೆ ಕಂಪನಿಗೆ ಸುಮಾರು ಮೂರು ವರ್ಷ ಹಿಡಿದ ತಿದ್ದುಪಡಿಯನ್ನು ಹೊರಗಿನವರು ಅಷ್ಟು ದಿನ ನಡೆಸಿಕೊಟ್ಟಿದ್ದರು.

2017ರ ಡಿಸೆಂಬರ್‌ನಲ್ಲಿ ಬೆಲ್ಚೆವ್ ಕೆಲಸ ನಿಲ್ಲಿಸಿದರು. ಬಿಡುವಿಲ್ಲ ಎಂಬುದು ಒಂದು ಕಾರಣ. ಆಗ ವರ್ಷಕ್ಕೆ ಎರಡು ಸಲ ಬರುತ್ತಿದ್ದ ವಿಂಡೋಸ್ 10ರ ಹೊಸ ಆವೃತ್ತಿಗಳು ಪ್ರತಿ ಬಾರಿಯೂ ಏನಾದರೊಂದನ್ನು ಕೆಡಿಸುತ್ತಿದ್ದವು ಎಂಬುದು ಇನ್ನೊಂದು. ಹೋಗುವಾಗ ಸೋರ್ಸ್ ಕೋಡ್ ಬಿಟ್ಟುಕೊಟ್ಟರು. ಸ್ವಯಂಸೇವಕರು ಅದನ್ನೇ ಓಪನ್-ಶೆಲ್ ಹೆಸರಿನಲ್ಲಿ ಮುಂದುವರಿಸಿದ್ದಾರೆ.

ಇಷ್ಟಕ್ಕೂ ಇವು ಪದೇ ಪದೇ ಕೆಡುವುದೇಕೆ? ಮೆನುವನ್ನು ಬದಲಿಸಲು ವಿಂಡೋಸ್ ಅಧಿಕೃತ ದಾರಿಯನ್ನೇ ಇಟ್ಟಿಲ್ಲ. ಎಕ್ಸ್‌ಪ್ಲೋರರ್‌ಪ್ಯಾಚರ್ ಕೆಲಸ ಮಾಡುವ ಬಗೆ ನೋಡಿದರೆ ಇದು ಗೊತ್ತಾಗುತ್ತದೆ. ಅದು ಡಿಎಕ್ಸ್‌ಜಿಐ.ಡಿಎಲ್‌ಎಲ್ ಹೆಸರಿನ ಫೈಲೊಂದನ್ನು ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್‌ನಲ್ಲಿ ಇಡುತ್ತದೆ. ಎಕ್ಸ್‌ಪ್ಲೋರರ್ ಕೂಡ ಅದೇ ಫೋಲ್ಡರ್‌ನಲ್ಲಿರುವುದರಿಂದ, ಸಿಸ್ಟಮ್32 ಒಳಗಿನ ಅಸಲಿ ಫೈಲಿಗೆ ಬದಲು ಪಕ್ಕದಲ್ಲಿರುವ ಇದನ್ನೇ ಎತ್ತಿಕೊಳ್ಳುತ್ತದೆ. ಒಳಹೊಕ್ಕ ಪ್ಯಾಚರ್, ಮೆನುವಿಗೆ ಸಂಬಂಧಿಸಿದ ಕೋಡ್ ಯಾವ ವಿಳಾಸದಲ್ಲಿದೆ ಎಂದು ಹುಡುಕಿ ಅಲ್ಲಿ ತನ್ನದನ್ನು ಸೇರಿಸುತ್ತದೆ. ಅಪ್‌ಡೇಟ್ ಬಂದರೆ ವಿಳಾಸಗಳು ಪಲ್ಲಟವಾಗುತ್ತವೆ, ಎಕ್ಸ್‌ಪ್ಲೋರರ್ ಮುಗ್ಗರಿಸುತ್ತದೆ.

ನಮ್ಮ ಊರುಗಳಲ್ಲಿ ಇಂಥ ಹೊತ್ತಿನಲ್ಲಿ ರಿಪೇರಿ ಅಂಗಡಿಯಿಂದ ಬರುವ ಸಲಹೆ ಸಾಮಾನ್ಯವಾಗಿ ಒಂದೇ: ಫಾರ್ಮ್ಯಾಟ್ ಹೊಡೆದುಬಿಡೋಣ. ಡಿಟಿಪಿ ಕೆಲಸದವರಿಗೆ ಇದರಷ್ಟು ನಷ್ಟದ ಸಲಹೆ ಬೇರೊಂದಿಲ್ಲ. ನುಡಿ, ಬರಹದಂಥ ಕನ್ನಡ ಟೈಪಿಂಗ್ ಸಾಫ್ಟ್‌ವೇರ್, ಫಾಂಟುಗಳು, ಪ್ರಿಂಟರ್ ಡ್ರೈವರ್, ಎಲ್ಲವನ್ನೂ ಮೊದಲಿಂದ ಕೂರಿಸಬೇಕು. ಅಷ್ಟೆಲ್ಲ ಬೇಕಾಗಿಯೇ ಇರುವುದಿಲ್ಲ.

ಟಾಸ್ಕ್‌ಬಾರ್ ಮಾಯವಾದರೂ ಟಾಸ್ಕ್ ಮ್ಯಾನೇಜರ್ ಬದುಕಿರುತ್ತದೆ, ಏಕೆಂದರೆ ಅದು ಎಕ್ಸ್‌ಪ್ಲೋರರ್‌ನ ಭಾಗವಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಅದು ತೆರೆಯುತ್ತದೆ. ಹೊಸ ಟಾಸ್ಕ್ ನಡೆಸುವ ಆಯ್ಕೆಯಲ್ಲಿ ಇವೆಂಟ್ ವ್ಯೂವರ್ ತೆರೆದು ಅಪ್ಲಿಕೇಶನ್ ದಾಖಲೆಗಳನ್ನು ನೋಡಬೇಕು. ಅಲ್ಲಿ 1000 ಸಂಖ್ಯೆಯ ಕೆಂಪು ಗುರುತಿನ ದಾಖಲೆಯಲ್ಲಿ ಎಕ್ಸ್‌ಪ್ಲೋರರ್ ಹೆಸರಿದ್ದರೆ, ಅದರ ಕೆಳಗೇ ಯಾವ ಮಾಡ್ಯೂಲ್‌ನಲ್ಲಿ ಕುಸಿಯಿತು ಎಂಬುದೂ ಇರುತ್ತದೆ. ಹೊರಗಿನ ಸಾಫ್ಟ್‌ವೇರ್‌ನ ಫೈಲ್ ಅಲ್ಲಿ ಕಂಡರೆ ಅನುಮಾನ ಬಹುಪಾಲು ಬಗೆಹರಿದಂತೆ. ಮೊದಲು ಆ ಸಾಫ್ಟ್‌ವೇರ್‌ನ ಹೊಸ ಆವೃತ್ತಿ ಬಂದಿದೆಯೇ ನೋಡುವುದು, ಇಲ್ಲದಿದ್ದರೆ ಅದರದೇ ಅನ್‌ಇನ್‌ಸ್ಟಾಲ್ ಫೈಲನ್ನು ಟಾಸ್ಕ್ ಮ್ಯಾನೇಜರ್‌ನಿಂದ ನಡೆಸುವುದು. ಎಕ್ಸ್‌ಪ್ಲೋರರ್‌ಪ್ಯಾಚರ್ ಅದಕ್ಕೂ ಬಗ್ಗದಿದ್ದರೆ ವಿಂಡೋಸ್ ಫೋಲ್ಡರ್‌ನಲ್ಲಿ ಅದು ಇಟ್ಟ ಡಿಎಕ್ಸ್‌ಜಿಐ ಫೈಲನ್ನು ಕಮಾಂಡ್ ಪ್ರಾಂಪ್ಟ್‌ನಿಂದ ತೆಗೆಯಬಹುದು. ಸಿಸ್ಟಮ್32 ಒಳಗಿರುವ ಅದೇ ಹೆಸರಿನ ಫೈಲನ್ನು ಮಾತ್ರ ಮುಟ್ಟಲೇಬಾರದು. ಅದು ವಿಂಡೋಸ್‌ನದೇ.

ಹಾಗೆಂದು ಮೆನು ಕೆಟ್ಟಾಗಲೆಲ್ಲ ಹೊರಗಿನವರನ್ನೇ ದೂರುವಂತಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ವಿಂಡೋಸ್ 11ರ ಪರೀಕ್ಷಾ ಆವೃತ್ತಿ ಬಳಸುತ್ತಿದ್ದವರ ಸ್ಟಾರ್ಟ್ ಮೆನುವೂ ಟಾಸ್ಕ್‌ಬಾರೂ ಒಮ್ಮೆಲೇ ಸ್ತಬ್ಧವಾದವು. ಕಾರಣ ಮೈಕ್ರೋಸಾಫ್ಟ್‌ನ ಸರ್ವರ್‌ನಿಂದ ಬಂದ, ಟೀಮ್ಸ್‌ಗೆ ಸಂಬಂಧಿಸಿದ ಪ್ರಚಾರ ಸಂದೇಶ. ಕಂಪ್ಯೂಟರ್‌ನಲ್ಲಿ ಒಂದೂ ಹೊರಗಿನ ಸಾಫ್ಟ್‌ವೇರ್ ಇಲ್ಲದವರೂ ವಿಂಡೋಸ್‌ನ ಒಳಗಿನ ಸೆಟ್ಟಿಂಗ್‌ಗಳಿರುವ ರಿಜಿಸ್ಟ್ರಿ ತಿದ್ದಬೇಕಾಯಿತು.

ಬಳಕೆದಾರರು ಎಚ್ಚರ ತಪ್ಪಬಾರದ ಜಾಗವೂ ಒಂದಿದೆ. 2016ರ ಆಗಸ್ಟ್‌ನಲ್ಲಿ ಫಾಸ್‌ಹಬ್ ಡೌನ್‌ಲೋಡ್ ತಾಣಕ್ಕೆ ನುಗ್ಗಿದ ಹ್ಯಾಕರ್‌ಗಳು ಕ್ಲಾಸಿಕ್ ಶೆಲ್ ಜಾಗದಲ್ಲಿ ನಕಲಿ ಫೈಲ್ ಇಟ್ಟಿದ್ದರು. ಅದನ್ನು ನಡೆಸಿದವರ ಹಾರ್ಡ್ ಡಿಸ್ಕ್‌ನ ಬೂಟ್ ದಾಖಲೆ ಅಳಿಸಿಹೋಗಿ ಕಂಪ್ಯೂಟರ್ ಶುರುವಾಗದಂತಾಯಿತು. ಅಸಲಿ ಫೈಲ್‌ನಲ್ಲಿ ಬೆಲ್ಚೆವ್ ಅವರ ಡಿಜಿಟಲ್ ಸಹಿ ಇರುತ್ತಿತ್ತು, ನಕಲಿಯಲ್ಲಿ ಇರಲಿಲ್ಲ. ಅನುಮತಿ ಕೇಳುವ ವಿಂಡೋಸ್ ಪೆಟ್ಟಿಗೆ ಪ್ರಕಾಶಕರು ಗೊತ್ತಿಲ್ಲ ಎಂದು ತೋರಿಸುತ್ತಲೇ ಇತ್ತು. ಆ ಒಂದು ಸಾಲನ್ನು ಓದಿ ನಿಂತವರು ಉಳಿದುಕೊಂಡರು. ವಿಂಡೋಸ್‌ನ ಒಳಗೆ ಕೈ ಹಾಕುವ ಸಾಫ್ಟ್‌ವೇರ್ ಹಾಕುವಾಗಲಂತೂ ಆ ಪೆಟ್ಟಿಗೆಯನ್ನು ಓದದೆ ಹೌದು ಒತ್ತಕೂಡದು.

ಆದರೆ ಬಳಕೆದಾರರ ಎಚ್ಚರದಿಂದ ಮೂಲ ಸಮಸ್ಯೆ ಹೋಗುವುದಿಲ್ಲ. ಪರಿಹಾರ ಎಲ್ಲರ ಜೇಬಿನಲ್ಲೇ ಇದೆ. ಆಂಡ್ರಾಯ್ಡ್ ಫೋನಿನ ಮುಖಪುಟ ಒಗ್ಗದಿದ್ದರೆ ಬೇರೆ ಲಾಂಚರ್ ಹಾಕಿಕೊಳ್ಳಬಹುದು, ಅದು ಕೆಟ್ಟರೆ ಹಳೆಯದಕ್ಕೆ ಮರಳಬಹುದು. ಆ ವ್ಯವಸ್ಥೆಯನ್ನು ಗೂಗಲ್ ಮೊದಲಿಂದಲೇ ಬಹಿರಂಗವಾಗಿ ಇಟ್ಟಿದೆ, ಆದ್ದರಿಂದ ಲಾಂಚರ್ ಬರೆಯುವವರು ಕಳ್ಳದಾರಿ ಹುಡುಕಬೇಕಿಲ್ಲ. ಮೈಕ್ರೋಸಾಫ್ಟ್‌ಗೂ ಇದು ಹೊಸ ವಿಚಾರವಲ್ಲ. ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿದಾಗ ಬರುವ ಪಟ್ಟಿಗೆ 7-ಜಿಪ್‌ನಂಥ ಸಾಫ್ಟ್‌ವೇರ್ ತನ್ನ ಆಯ್ಕೆ ಸೇರಿಸಲು ದಶಕಗಳಿಂದ ಅಧಿಕೃತ ವಿಧಾನವಿದೆ. ರೈಟ್ ಕ್ಲಿಕ್‌ಗೆ ಸಲ್ಲುವುದು ಸ್ಟಾರ್ಟ್ ಮೆನುವಿಗೆ ಏಕೆ ಸಲ್ಲಬಾರದು?

2025ರ ಕೊನೆಯಲ್ಲಿ ಕಂಪನಿ ಮೆನುವನ್ನು ಮತ್ತೆ ಬದಲಿಸಿತು. ಎಲ್ಲ ಆ್ಯಪ್‌ಗಳ ಪಟ್ಟಿ ಮೊದಲ ಪುಟಕ್ಕೇ ಬಂತು, ಬೇಡವಾದ ಶಿಫಾರಸುಗಳನ್ನು ಮರೆಮಾಡಲೂ ಅವಕಾಶ ಸಿಕ್ಕಿತು. ಒಳ್ಳೆಯದೇ, ಬಳಕೆದಾರರು ವರ್ಷಗಟ್ಟಲೆ ಕೇಳಿದ್ದು ಅದನ್ನೇ. ಆದರೆ ಒಬ್ಬರ ವಿನ್ಯಾಸ ಕೋಟ್ಯಂತರ ಕೈಗಳಿಗೆ ಒಪ್ಪುವುದಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದು, ಅದರ ಮೆನುವಿಗೆ ಒಗ್ಗಿಹೋದವರು ವಿಂಡೋಸ್ 11ಕ್ಕೆ ಬರುತ್ತಿದ್ದಾರೆ. ಅವರಲ್ಲಿ ಕೆಲವರು ಹಳೆಯ ಮೆನು ಹುಡುಕಿಯೇ ಹುಡುಕುತ್ತಾರೆ. ಮೆನು ಬದಲಿಸಲು ಲಿಖಿತ ವಿಧಾನವೊಂದನ್ನು ಮೈಕ್ರೋಸಾಫ್ಟ್ ಪ್ರಕಟಿಸಲಿ. ಬದಲಿ ಮೆನು ಎರಡು ಸಲ ಕುಸಿದರೆ ವಿಂಡೋಸ್ ತಾನಾಗಿ ಸ್ವಂತ ಮೆನುವಿಗೆ ಮರಳಿ, ಕುಸಿದದ್ದು ಯಾವುದೆಂದು ಪರದೆಯ ಮೇಲೇ ಹೇಳಲಿ.