ಬಾಗಿಲ ಹಿಂದಿನ ಚಾಪೆ

ಜೂನ್ 21ರಂದು ಬಿಚ್ಚಿದ ಯೋಗದ ಚಾಪೆ ಆಷಾಢದ ಗಾಳಿ ಬೀಸುವ ಹೊತ್ತಿಗೆ ಸುರುಳಿ ಸುತ್ತಿಕೊಂಡು ಬಾಗಿಲ ಹಿಂದೆ ಕೊಡೆಯ ಪಕ್ಕದಲ್ಲಿ ನಿಂತಿರುತ್ತದೆ. ನಮ್ಮ ಮನೆಯಲ್ಲಿ ಅದು ಹಾಗೆ ನಿಂತದ್ದು ಒಂದು ವರ್ಷವಲ್ಲ, ನಾಲ್ಕು ವರ್ಷ. ಕೊಡೆಯಾದರೂ ಮಳೆ ಬಂದಾಗ ಹೊರಗೆ ಹೋಗಿ ಬರುತ್ತಿತ್ತು. 2022ರ ಯೋಗದಿನಕ್ಕೆ ಪ್ರಧಾನಿಯೇ ಮೈಸೂರಿಗೆ ಬಂದಾಗ ಅರಮನೆಯ ಅಂಗಳದಲ್ಲಿ ಸಾವಿರಾರು ಮಂದಿ ಒಟ್ಟಿಗೆ ಆಸನ ಹಾಕಿದರು. ಅಷ್ಟು ಜನರ ನಡುವೆ ಒಂದು ಬೆಳಿಗ್ಗೆ ಬಗ್ಗುವುದು ಕಷ್ಟವಲ್ಲ. ಪಕ್ಕದವರು ಬಗ್ಗಿದರೆ ನಮ್ಮ ಬೆನ್ನೂ ನಾಚಿಕೊಂಡು ಬಗ್ಗುತ್ತದೆ. ಮಾರನೆಯ ದಿನ ಮನೆಯಲ್ಲಿ, ಹಾಲಿನವನ ಗಂಟೆಗೂ ಕುಕ್ಕರಿನ ಕೂಗಿಗೂ ನಡುವೆ, ಒಬ್ಬರೇ ಬಗ್ಗುವುದಿದೆಯಲ್ಲ, ಅಲ್ಲಿ ನನ್ನ ಬೆನ್ನು ಕೈಕೊಟ್ಟಿತು.

ಕನ್ನಡದಲ್ಲಿ ‘ಅಭ್ಯಾಸ’ ಎಂಬ ಒಂದೇ ಮಾತು ಎರಡು ಕೆಲಸ ಮಾಡುತ್ತದೆ. ಹುಡುಗಿ ಬೆಳಿಗ್ಗೆ ಕೂತು ಸರಳೆ ವರಸೆ ಹಾಡುವುದೂ ಅಭ್ಯಾಸ, ಅವಳಪ್ಪ ಊಟವಾದ ಮೇಲೆ ಅಡಿಕೆಗೆ ಕೈಚಾಚುವುದೂ ಅಭ್ಯಾಸ. ಮೊದಲನೆಯದನ್ನು ಎಚ್ಚರದಿಂದ ಮಾಡಬೇಕು, ಎರಡನೆಯದು ಎಚ್ಚರವಿಲ್ಲದಿದ್ದರೂ ಆಗುತ್ತದೆ. ಮನೆಯಲ್ಲಿ ಯೋಗ ಶುರುಮಾಡಿದವರೆಲ್ಲ ಮೊದಲನೆಯದು ಯಾವಾಗ ಎರಡನೆಯದಾದೀತು ಎಂದು ಕಾಯುತ್ತಾರೆ. 21 ದಿನ ಸಾಕು ಅನ್ನುತ್ತದೆ ವಾಟ್ಸ್ಯಾಪು. ಈ ಲೆಕ್ಕದ ಬೇರು ಹುಡುಕಿದರೆ ಸಿಗುವವನು ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಕನ್ನಡಿಯಲ್ಲಿ ಕಾಣುವ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕಡಿಮೆಯೆಂದರೆ ಸುಮಾರು 21 ದಿನ ಬೇಕು ಎಂದು ಆತ 1960ರ ತನ್ನ ಪುಸ್ತಕದಲ್ಲಿ ಬರೆದ. ‘ಕಡಿಮೆಯೆಂದರೆ’ ಎಂಬುದು ದಾರಿಯಲ್ಲೆಲ್ಲೋ ಉದುರಿಹೋಯಿತು. ಮೂಗಿನ ಬಗ್ಗೆ ಆಡಿದ ಮಾತು ಬೆನ್ನಿಗೆ ಬಂದು ಅಂಟಿಕೊಂಡಿತು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ದಿನವೂ ನಡೆದೇ ನಡೆಯುವ ಯಾವುದಾದರೂ ಸಂಗತಿಗೆ, ಉದಾಹರಣೆಗೆ ಬೆಳಗಿನ ತಿಂಡಿಗೆ, ಹೊಸ ಕೆಲಸವೊಂದನ್ನು ಗಂಟುಹಾಕಿಕೊಳ್ಳಿ ಎಂದು ಅವರಿಗೆ ಹೇಳಲಾಗಿತ್ತು. ಆ ಕೆಲಸ ತಾನಾಗಿ ಆಗುವ ಮಟ್ಟ ಮುಟ್ಟಲು ಹಿಡಿದದ್ದು ನಡುವಣ ಲೆಕ್ಕದಲ್ಲಿ 66 ದಿನ. ಒಬ್ಬರಿಗೆ 18 ಸಾಕಾಯಿತು, ಇನ್ನೊಬ್ಬರಿಗೆ 254. (12 ವಾರದಲ್ಲಿ 254 ದಿನ ಹಿಡಿಸುವುದಿಲ್ಲ, ಅದು ಗೆರೆಯನ್ನು ಮುಂದಕ್ಕೆಳೆದು ಮಾಡಿದ ಅಂದಾಜು.) ನಮ್ಮ ಪಂಡಿತರ 48 ದಿನದ ಮಂಡಲ ಈ ಎರಡು ತುದಿಗಳ ನಡುವೆ ಎಲ್ಲೋ ಆರಾಮವಾಗಿ ಕೂತಿದೆ. ನನಗೆ ಹಿಡಿಸಿದ್ದು ಇನ್ನೊಂದು ಮಾತು: ನಡುವೆ ಒಂದು ದಿನ ತಪ್ಪಿದ್ದರಿಂದ ರೂಢಿ ಬೇರುಬಿಡುವುದಕ್ಕೆ ಹೇಳಿಕೊಳ್ಳುವಂಥ ತೊಂದರೆ ಆಗಿರಲಿಲ್ಲ. ನನ್ನ ನಾಲ್ಕು ವರ್ಷದ ಕಥೆಯಾದರೋ ನಾಲ್ಕು ಸಲವೂ ತಪ್ಪಿದ ಒಂದು ದಿನದಲ್ಲೇ ಮುಗಿದಿತ್ತು. ‘ಹೇಗೂ ನಿನ್ನೆ ಬಿಟ್ಟಾಯಿತು, ಸೋಮವಾರದಿಂದ ನೋಡೋಣ.’ ಆ ಸೋಮವಾರ ಎಂದೂ ಬರುವುದಿಲ್ಲ.

ಈ ಸೋಮವಾರದ ರೋಗ ಹಳಬರಿಗೂ ಗೊತ್ತಿತ್ತು ಅನಿಸುತ್ತದೆ. 15ನೆಯ ಶತಮಾನದ ಸ್ವಾತ್ಮಾರಾಮ ತನ್ನ ‘ಹಠಯೋಗ ಪ್ರದೀಪಿಕೆ’ಯಲ್ಲಿ ಯೋಗವನ್ನು ಕೆಡಿಸುವ ಆರು ಸಂಗತಿಗಳನ್ನು ಎಣಿಸುತ್ತಾನೆ. ಅತಿಯಾಗಿ ತಿನ್ನುವುದು, ಅತಿಯಾಗಿ ದಣಿಯುವುದು, ಹರಟೆ, ಜನಸಂಗ, ಚಾಂಚಲ್ಯ. ಇವು ಯಾರಾದರೂ ಊಹಿಸುವಂಥವು. ಉಳಿದ ಇನ್ನೊಂದು ನಿಯಮಾಗ್ರಹ. ಸಂಧಿ ಬಿಡಿಸಲು ಕೂತರೆ ಇದು ತುಂಟ ಪದ. ನಿಯಮ ಮತ್ತು ಅಗ್ರಹ ಎಂದರೆ ನಿಯಮವನ್ನು ಹಿಡಿಯದಿರುವುದು. ನಿಯಮ ಮತ್ತು ಆಗ್ರಹ ಎಂದರೆ ನಿಯಮಕ್ಕೇ ಜೋತುಬೀಳುವುದು. ಎರಡಕ್ಕೂ ಸವರ್ಣದೀರ್ಘ ಒಂದೇ. ವ್ಯಾಖ್ಯಾನಕಾರ ಬ್ರಹ್ಮಾನಂದ ಎರಡನೆಯದನ್ನೇ ಹಿಡಿದು, ಬೆಳಗಿನ ತಣ್ಣೀರ ಸ್ನಾನದಂಥ ಹಟಗಳನ್ನು ಉದಾಹರಿಸುತ್ತಾನೆ. ಬ್ರಾಹ್ಮೀ ಮುಹೂರ್ತಕ್ಕೆ ಎದ್ದರೆ ಮಾತ್ರ ಯೋಗ, ಒಂದು ಗಂಟೆ ಮಾಡಿದರೆ ಮಾತ್ರ ಯೋಗ ಎಂದು ಹೊರಟವರು ಹತ್ತನೆಯ ದಿನ ಏಳೂವರೆಗೆ ಎದ್ದು ‘ಇನ್ನೇನು ಯೋಗ’ ಎಂದು ಪೇಪರ್ ಬಿಡಿಸುತ್ತಾರೆ. ನಿಯಮ ಬಿಡುವವರನ್ನೂ ನಿಯಮಕ್ಕೆ ಅಂಟುವವರನ್ನೂ ಒಂದೇ ಪದದಲ್ಲಿ ಹಿಡಿದ ಆ ಸಂಧಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ.

ಅದೇ ಗ್ರಂಥ ಯೋಗ ಮಾಡುವ ಮನೆಯನ್ನೂ ಕಟ್ಟಿಕೊಡುತ್ತದೆ. ಚಿಕ್ಕ ಬಾಗಿಲಿನ, ಕಿಟಕಿಯಿಲ್ಲದ, ಸಗಣಿ ಸಾರಿಸಿದ, ಹುಳುಹುಪ್ಪಟೆ ಇಲ್ಲದ ಕುಟೀರ, ಹೊರಗೆ ಮಂಟಪ, ಜಗಲಿ, ಬಾವಿ, ಸುತ್ತ ಗೋಡೆ. ಜೊತೆಗೆ ಒಳ್ಳೆಯ ರಾಜ, ಧಾರಾಳವಾಗಿ ಭಿಕ್ಷೆ ಸಿಗುವ ನಾಡು. ಎರಡು ಬೆಡ್‌ರೂಮಿನ ಮನೆಯಲ್ಲಿ ಇದನ್ನೆಲ್ಲ ಹೊಂದಿಸುವುದು ಹೇಗೆ? ಈ ಪ್ರಶ್ನೆಗೆ ಕನ್ನಡನಾಡಿನವರೇ ಉತ್ತರ ಕೊಟ್ಟಿದ್ದಾರೆ. 1918ರಲ್ಲಿ ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ಹುಟ್ಟಿ, ಬಾಲ್ಯವಿಡೀ ರೋಗಗಳಲ್ಲಿ ಬೆಂದು, ಮೈಸೂರಿನ ಅಕ್ಕನ ಮನೆಗೆ ಬಂದು ಭಾವ ಕೃಷ್ಣಮಾಚಾರ್ಯರಿಂದ ಕಲಿತ ಬಿ.ಕೆ.ಎಸ್. ಅಯ್ಯಂಗಾರರು ಮುಂದೆ ಪುಣೆಯಲ್ಲಿ ಗೋಡೆ, ಕುರ್ಚಿ, ಕಂಬಳಿ, ಹಗ್ಗಗಳನ್ನೆಲ್ಲ ಯೋಗದ ಸಲಕರಣೆ ಮಾಡಿಬಿಟ್ಟರು. ಬಗ್ಗದ ಮೈಗೆ ಕುರ್ಚಿ ಹತ್ತಿರ ಬಂದು ಕೈಕೊಡುತ್ತದೆ. (ಕೈಕೊಡುವುದಕ್ಕೆ ಈ ಅರ್ಥವೂ ಇರುವುದು ನನ್ನ ಬೆನ್ನಿಗೆ ತಿಳಿಯಲಿ.)

ಇನ್ನೊಂದು ಉತ್ತರ ‘ಮೈಸೂರು ಸ್ಟೈಲ್’. ಜಗತ್ತು ಹೀಗೆಂದು ಕರೆಯುವುದು ಕೃಷ್ಣಮಾಚಾರ್ಯರ ಇನ್ನೊಬ್ಬ ಶಿಷ್ಯ, ಹಾಸನ ಸೀಮೆಯ ಕೌಶಿಕದ ಪಟ್ಟಾಭಿ ಜೋಯಿಸರು ಮೈಸೂರಿನ ಲಕ್ಷ್ಮೀಪುರಂನಲ್ಲಿ ಕಲಿಸುತ್ತಿದ್ದ ರೀತಿಯನ್ನು. ಅಲ್ಲಿ ಎಲ್ಲರಿಗೂ ಒಟ್ಟಿಗೆ ಎಣಿಸಿ ಹೇಳುವುದು ಕಡಿಮೆ. ಬಂದವರು ತಮಗೆ ಬಂದಷ್ಟು ಆಸನಗಳನ್ನು, ಕಲಿತ ಕ್ರಮದಲ್ಲೇ, ತಮ್ಮ ಉಸಿರಿನ ಲೆಕ್ಕಕ್ಕೆ ಮಾಡುತ್ತಾರೆ. ಗುರು ಬೇಕಾದಲ್ಲಿ ಕೈಹಚ್ಚುತ್ತಾರೆ. ಕ್ರಮ ಮೈಗೆ ಬಂದಿರುವುದರಿಂದ ‘ಇವತ್ತು ಏನು ಮಾಡಲಿ’ ಎಂಬ ಪ್ರಶ್ನೆಯೇ ಏಳುವುದಿಲ್ಲ. ಮನೆಯಲ್ಲಿ ನನ್ನನ್ನು ಸೋಲಿಸುತ್ತಿದ್ದದ್ದು ಸೋಮಾರಿತನಕ್ಕಿಂತ ಹೆಚ್ಚಾಗಿ ಆ ಪ್ರಶ್ನೆ. ಫೋನು ತೆಗೆದು ಯಾವ ವಿಡಿಯೋ ಎಂದು ಹುಡುಕುವುದರಲ್ಲಿ ಇಪ್ಪತ್ತು ನಿಮಿಷ ಹೋಗಿ, ಕೊನೆಗೆ ಯಾರದೋ ಕ್ರಿಕೆಟ್ಟಿನಲ್ಲಿ ನಿಲ್ಲುತ್ತಿದ್ದೆ. ಆ ಪದ್ಧತಿಯಲ್ಲಿ ಅಮಾವಾಸ್ಯೆ, ಹುಣ್ಣಿಮೆ, ಶನಿವಾರ ರಜೆ. ರಜೆಯನ್ನೂ ಪಂಚಾಂಗವೇ ಕೊಡುವುದರಿಂದ ಮನಸ್ಸು ತನ್ನ ಕಡೆಯಿಂದ ಅರ್ಜಿ ಹಾಕಬೇಕಾಗಿಲ್ಲ.

ಪತಂಜಲಿ ಅಭ್ಯಾಸ ಗಟ್ಟಿ ನೆಲ ಹಿಡಿಯಲು ಮೂರು ಬೇಕು ಅನ್ನುತ್ತಾನೆ: ದೀರ್ಘಕಾಲ, ನೈರಂತರ್ಯ, ಸತ್ಕಾರ. ನಮ್ಮ ಚರ್ಚೆಯೆಲ್ಲ ಮೊದಲ ಎರಡರ ಮೇಲೇ. ಎಷ್ಟು ದಿನ, ಎಷ್ಟು ತಪ್ಪದೆ. ಮೂರನೆಯದನ್ನು ವ್ಯಾಸಭಾಷ್ಯ ತಪಸ್ಸು, ಬ್ರಹ್ಮಚರ್ಯ, ವಿದ್ಯೆ, ಶ್ರದ್ಧೆ ಎಂದು ಬಿಡಿಸುತ್ತದೆ. ನನ್ನಂಥವನಿಗೆ ಅದು ಎತ್ತರದ ಅಟ್ಟ, ಏಣಿ ಸಾಲದು. ಆದರೆ ಕನ್ನಡದ ಕಿವಿಗೆ ಸತ್ಕಾರವೆಂದರೆ ಮೊದಲು ಕೇಳಿಸುವುದು ಅತಿಥಿಸತ್ಕಾರ. ಬರುವವರಿದ್ದಾರೆಂದು ಗೊತ್ತಿದ್ದರೆ ಹಿಂದಿನ ರಾತ್ರಿಯೇ ಜಾಗ ಗುಡಿಸುತ್ತೇವೆ, ಬಂದವರನ್ನು ನಿಲ್ಲಿಸಿಕೊಂಡು ಚಾಪೆ ಹುಡುಕುವುದಿಲ್ಲ. ಶಾಸ್ತ್ರಜ್ಞರು ಒಪ್ಪುತ್ತಾರೋ ಇಲ್ಲವೋ, ನಾನು ಈ ಅರ್ಥವನ್ನೇ ಇಟ್ಟುಕೊಂಡಿದ್ದೇನೆ.

ಇದು ಹೊಳೆದದ್ದು ಅಮ್ಮನಿಂದ. ಎಪ್ಪತ್ತೆಂಟು ದಾಟಿದ ಅವರು ಇಂದಿಗೂ ಬಾಗಿಲಿಗೆ ನೀರು ಹಾಕಿ ರಂಗೋಲಿ ಇಡುತ್ತಾರೆ. ಮಂಡಿ ನೋವಿದ್ದ ದಿನ ನಾಲ್ಕೇ ಎಳೆ. ಒಂದು ದಿನವೂ ತಪ್ಪದ ಹಾಗೆ ಹೇಗೆ ಅಭ್ಯಾಸ ಮಾಡಿಕೊಂಡೆ ಎಂದು ಕೇಳಿದೆ. “ಅದಕ್ಕೇನೋ ಅಭ್ಯಾಸ? ಬಾಗ್ಲು ತೆಗೆದ್ರೆ ಅಂಗಳ ಕಾಣತ್ತೆ, ಕೈ ಹೋಗತ್ತೆ. ಹಾಗೇ ಬಿಟ್ರೆ ಮನೆ ಬೋಳು ಬೋಳಾಗಿರಲ್ವಾ?” ಅಂದರು. ಚುಕ್ಕಿಯಿಟ್ಟು ಎಳೆಯುವ ದೊಡ್ಡ ರಂಗೋಲಿ ಹಬ್ಬಕ್ಕೆ ಮಾತ್ರ. ಉಳಿದ ದಿನ ನಾಲ್ಕೆಳೆಯೂ ರಂಗೋಲಿಯೇ, ಯಾರೂ ಅರ್ಧಂಬರ್ಧ ಅನ್ನುವುದಿಲ್ಲ.

ಆಮೇಲೆ ಚಾಪೆ ಬಾಗಿಲ ಹಿಂದಿನಿಂದ ಹೊರಗೆ ಬಂತು. ರಾತ್ರಿ ದೀಪ ಆರಿಸುವ ಮೊದಲು ಹಾಲ್‌ನಲ್ಲಿ ಪೂರ್ವದ ಕಿಟಕಿಯ ಕೆಳಗೆ ಹಾಸುತ್ತೇನೆ. ಡಿಕಾಕ್ಷನ್ ಇಳಿಯಲು ಹಾಕಿ ಚಾಪೆಗೆ ಬರುತ್ತೇನೆ. ಆರು ಸೂರ್ಯನಮಸ್ಕಾರ, ಗುರುಗಳೊಬ್ಬರು ಎದುರು ನಿಲ್ಲಿಸಿ ತಿದ್ದಿಕೊಟ್ಟ ಐದು ಆಸನ, ಶವಾಸನ. ಕ್ರಮ ಬದಲಾಗುವುದಿಲ್ಲ. ಶೀರ್ಷಾಸನ ನನ್ನ ರಕ್ತದೊತ್ತಡಕ್ಕೆ ಆಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರಿಂದ ಆ ಆಸೆ ಬಿಟ್ಟಿದ್ದೇನೆ. ಪೂರ್ತಿ ಆಗದ ದಿನ ಎರಡು ನಮಸ್ಕಾರ, ಅದೇ ನಾಲ್ಕೆಳೆ. ಅಷ್ಟರಲ್ಲಿ ಫಿಲ್ಟರಿನ ಮೇಲಿನ ಬಟ್ಟಲು ಬರಿದಾಗಿರುತ್ತದೆ. ಕಾಫಿ ಮೊದಲೋ ಯೋಗ ಮೊದಲೋ ಎಂಬ ವ್ಯಾಜ್ಯಕ್ಕೆ ನಮ್ಮ ಮನೆಯಲ್ಲಿ ಹೀಗೆ ರಾಜಿಯಾಯಿತು.

ಈಗ ಅವರೆಕಾಯಿ ಕಾಲ. ಮೊನ್ನೆ ಮದುವೆಗೆಂದು ಮೂರು ದಿನ ಊರಿಗೆ ಹೋಗಿ ಬೆಳಗಿನ ಬಸ್ಸಿಗೆ ವಾಪಸು ಬಂದರೆ, ನನ್ನ ಚಾಪೆಯ ಮೇಲೆ ಅಮ್ಮನೂ ಹೆಂಡತಿಯೂ ಎದುರುಬದುರು ಕೂತು ಹಿತಕವರೆಗೆ ಕಾಳು ಬಿಡಿಸುತ್ತಿದ್ದಾರೆ. ಸುತ್ತ ಸಿಪ್ಪೆಯ ರಾಶಿ. ನಾನು ಕಾಲು ತೊಳೆದು ಬಂದು ಪಕ್ಕದಲ್ಲಿ ನಿಂತೆ. “ಸ್ವಲ್ಪ ತಡೀರಿ, ಇನ್ನೊಂದು ಹಿಡಿ ಇದೆ” ಅಂದಳು. ಅವರೆದ್ದ ಮೇಲೆ ಸಿಪ್ಪೆ ಬಾಚಿ ಗುಡಿಸಿ, ಚಾಪೆ ಒರೆಸಿ, ಎರಡು ನಮಸ್ಕಾರ ಹಾಕಿ ಮಲಗಿದೆ. ಶವಾಸನದ ಉದ್ದಕ್ಕೂ ಅವರೆಯ ಸೊಗಡು.